ಕೆಮ್ಮಿಗೆ ಕಾಲಂ ಇಲ್ಲ



ಒಂದು ಚೀಟಿಯ ಮಾತಿನಿಂದ ಶುರು ಮಾಡುತ್ತೇನೆ. ಆಸ್ಪತ್ರೆಯ ಚೀಟಿ. ಅಂಗೈಯಗಲದ ಕಾಗದ. ಹೋದ ಮಳೆಗಾಲದಲ್ಲಿ ನನ್ನ ಅಪ್ಪೆಯನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತಿದ್ದೆ. ಕಿಟಕಿಯ ಒಳಗಿದ್ದವರು ಹೆಸರು ಕೇಳಿದರು, ಪ್ರಾಯ ಕೇಳಿದರು. ಆಮೇಲೆ, "ಕೆಲಸ ಎಂತದು?" ಅಂದರು.

ಅಪ್ಪೆ ಹೇಳಿದಳು: "ಕೆಲಸ ಎಂತ ಇಲ್ಲ. ಮನೆಯಲ್ಲೇ ಇರುದು. ಬೀಡಿ ಕಟ್ಟುದು ಅಷ್ಟೆ."

ಕಿಟಕಿಯವರು ಬರೆದರು: ಗೃಹಿಣಿ.

ಮುಗಿಯಿತು. ಮೂವತ್ತೈದು ವರ್ಷದ ದುಡಿಮೆ ಮೂರಕ್ಷರದಲ್ಲಿ ಸತ್ತುಹೋಯಿತು. ಒಳಗೆ ಡಾಕ್ಟ್ರು ಎದೆಗೆ ಕೊಳವೆ ಇಟ್ಟು ನೋಡಿದರು. ಕೆಮ್ಮಿಗೆ ಔಷಧಿ, ಬೆನ್ನಿಗೆ ಮಾತ್ರೆ, ಜೊತೆಗೆ "ಧೂಳಿಗೆ ಹೋಗಬೇಡಿ" ಎಂಬ ಬುದ್ಧಿಮಾತು ಕೊಟ್ಟರು. ಯಾವ ಧೂಳು ಅಂತ ಅವರು ಕೇಳಲಿಲ್ಲ. ಅಪ್ಪೆ ಹೇಳಲಿಲ್ಲ. ನಾವು ಧೂಳಿಗೆ ಹೋಗುದಲ್ಲ ಡಾಕ್ಟ್ರೆ, ಧೂಳೇ ನಮ್ಮ ಮನೆಗೆ ಬಂದು ಕೂತಿದೆ ಅಂತ ಹೇಳುವ ಬಾಯಿ ಆ ಹೊತ್ತು ನನಗೂ ಬರಲಿಲ್ಲ. ನಮ್ಮ ಕುಟುಂಬದಲ್ಲಿ ಮೊದಲು ಪದವಿ ಮುಗಿಸಿದವಳು ನಾನು. ಅಂಥ ನಾನು ಬಾಯಿಗೆ ಬೀಗ ಹಾಕಿ ನಿಂತೆ. ಆ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೇನೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಅಪ್ಪೆ ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಾಳೆ. ವರ್ಷಕ್ಕೆ ಮುನ್ನೂರು ದಿನ ಅಂತಿಟ್ಟುಕೊಳ್ಳಿ. ಮೂವತ್ತೈದು ವರ್ಷ. ಗುಣಿಸಿದರೆ ಎಂಬತ್ತನಾಲ್ಕು ಲಕ್ಷ. ಜೀವ ಎಂಬತ್ತನಾಲ್ಕು ಲಕ್ಷ ಜನ್ಮ ಎತ್ತುತ್ತದೆ ಅಂತ ಪುರಾಣ ಹೇಳುವವರು ಹೇಳುತ್ತಾರೆ. ಹೇಳಿಕೊಳ್ಳಲಿ. ನನ್ನ ಅಪ್ಪೆ ಒಂದೇ ಜನ್ಮದಲ್ಲಿ ಎಂಬತ್ತನಾಲ್ಕು ಲಕ್ಷ ಬೀಡಿ ಕಟ್ಟಿದ್ದಾಳೆ. ಆ ಬೀಡಿಯಲ್ಲಿ ನನ್ನ ಫೀಸು ಇದೆ, ನನ್ನ ಬಸ್ಸಿನ ದುಡ್ಡು ಇದೆ, ಈ ಪತ್ರಿಕೆಗೆ ನಾನು ಕಳಿಸಿದ ಚಂದಾ ಇದೆ. ಅವಳ ಎದೆಯ ಗೊರಗೊರ ಸದ್ದೂ ಅದರಲ್ಲೇ ಇದೆ.

ಬೀಡಿಯ ಲೆಕ್ಕ ಯಾರೂ ತಪ್ಪುವುದಿಲ್ಲ ಗೆಳೆಯರೆ. ಬಂಟ್ವಾಳದ ಯಾವ ಬೀಡಿ ಬ್ರಾಂಚಿಗಾದರೂ ಸಂಜೆ ಹೋಗಿ ನಿಲ್ಲಿ. ಎಲೆಗೆ ತೂಕ ಉಂಟು, ಹೊಗೆಸೊಪ್ಪಿಗೆ ತೂಕ ಉಂಟು. ಕಟ್ಟಿಗೆ ಇಪ್ಪತ್ತೈದು ಬೀಡಿ. ಒಂದು ಕಮ್ಮಿಯಾದರೆ ಗೊತ್ತಾಗುತ್ತದೆ. ಒಂದು ಓರೆಯಾದರೆ ತೆಗೆದು ಬಿಸಾಡುತ್ತಾರೆ. ಬೀಡಿ ಓರೆಯಾದದ್ದು ಕಾಣುತ್ತದೆ. ಅದನ್ನು ಕಟ್ಟಿದವಳ ಬೆನ್ನು ಓರೆಯಾದದ್ದು ಯಾರಿಗೂ ಕಾಣುವುದಿಲ್ಲ. ಅದನ್ನು ಬರೆದಿಡಲು ಪುಸ್ತಕವೇ ಇಲ್ಲ.

ಈಗ ನನ್ನ ಪ್ರಶ್ನೆ. ದುಡಿಮೆಯಿಂದ ಬರುವ ರೋಗ ಈ ದೇಶದಲ್ಲಿ ಎಷ್ಟು ಜನರಿಗಿದೆ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಜಗತ್ತಿನ ಲೆಕ್ಕ ಕೊಟ್ಟಿತು. ವರ್ಷಕ್ಕೆ ಸುಮಾರು 29.3 ಲಕ್ಷ ಜನ ದುಡಿಮೆಯ ಕಾರಣದಿಂದ ಸಾಯುತ್ತಾರೆ. ಇದರಲ್ಲಿ ಅಪಘಾತಕ್ಕೆ ಸಾಯುವವರು ಸುಮಾರು 3.3 ಲಕ್ಷ. ಉಳಿದ 26 ಲಕ್ಷ ಜನರನ್ನು ಕೊಲ್ಲುವುದು ರೋಗ. ಅಂದರೆ ಒಬ್ಬ ಮರದಿಂದಲೋ ಕಟ್ಟಡದಿಂದಲೋ ಬಿದ್ದು ಸಾಯುವಲ್ಲಿ ಎಂಟು ಮಂದಿ ಹಾಸಿಗೆಯಲ್ಲಿ ಕೆಮ್ಮುತ್ತ, ಬತ್ತುತ್ತ, ಸದ್ದಿಲ್ಲದೆ ಸಾಯುತ್ತಾರೆ. ಬಿದ್ದು ಸತ್ತವನ ಸುದ್ದಿ ಪೇಪರಿನ ಮೂಲೆಯಲ್ಲಾದರೂ ಬರುತ್ತದೆ. ಬತ್ತಿ ಸತ್ತವಳ ಸುದ್ದಿಗೆ ಮೂಲೆಯೂ ಇಲ್ಲ. ಅವಳಿಗೆ "ಕಾಯಿಲೆಯಿತ್ತು" ಅಷ್ಟೆ.

ನಮ್ಮ ದೇಶದಲ್ಲಿ ಬೀಡಿ ಕಟ್ಟುವವರು ಕೇಂದ್ರ ಸರಕಾರದ ಲೆಕ್ಕದಲ್ಲೇ ಸುಮಾರು 50 ಲಕ್ಷ. ಹೆಚ್ಚಿನವರು ಹೆಂಗಸರು, ಮನೆಯಲ್ಲೇ ಕೂತು ಕಟ್ಟುವವರು. ಅವರ ಎದೆಯ ಲೆಕ್ಕ ಎಲ್ಲಿದೆ? ಕಾನೂನನ್ನು ತೆರೆದು ನೋಡೋಣ.

1948ರ ಕಾರ್ಖಾನೆ ಕಾಯ್ದೆಗೆ ಒಂದು ಪಟ್ಟಿ ಅಂಟಿಸಿದ್ದರು. ದುಡಿಮೆಯಿಂದ ಬಂದರೆ ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿ. ಅದು ಬೆಳೆದು ಬೆಳೆದು 29 ರೋಗಗಳಾಯಿತು. ಸೀಸದ ವಿಷ, ಪಾದರಸದ ವಿಷ, ಕಲ್ಲುಧೂಳಿನ ಸಿಲಿಕೋಸಿಸ್, ಹತ್ತಿಧೂಳಿನ ಬಿಸಿನೋಸಿಸ್ ಎಲ್ಲ ಅದರಲ್ಲಿ ಉಂಟು. ಹೊಗೆಸೊಪ್ಪಿನ ಧೂಳಿನ ಹೆಸರು ಇಲ್ಲ. ಚರ್ಮರೋಗದ ಹೆಸರಿದೆ, ಸರಿ. ಆದರೆ ರೋಗ ಬಂತೆಂದು ತಿಳಿಸಬೇಕಾದವರು ಯಾರು? ಕಾರ್ಖಾನೆಯ ಮ್ಯಾನೇಜರು. ನಮ್ಮ ಸೋಗೆ ಮಾಡಿಗೆ, ಸಿಮೆಂಟು ಶೀಟಿನ ಮಾಡಿಗೆ ಮ್ಯಾನೇಜರು ಯಾರು? ಅಪ್ಪೆಯೇ ಕೂಲಿ, ಅಪ್ಪೆಯೇ ಕಾರ್ಖಾನೆ, ಅಪ್ಪೆಯ ಅಡುಗೆಕೋಣೆಯೇ ಗೋದಾಮು. ಬಾಡಿಗೆ ಇಲ್ಲ, ಕರೆಂಟು ಬಿಲ್ಲು ಇಲ್ಲ, ಕಿಟಕಿ ಇಡಿಸುವ ಖರ್ಚಿಲ್ಲ, ರೋಗದ ಜವಾಬ್ದಾರಿಯಿಲ್ಲ. ಇದಕ್ಕಿಂತ ಸುಖದ ಕಾರ್ಖಾನೆ ಯಾವ ಬಂಡವಾಳಗಾರನಿಗೆ ಸಿಕ್ಕೀತು? 2025ರ ನವೆಂಬರ್ 21ರಿಂದ ಹಳೆ ಕಾಯ್ದೆಗಳು ಹೋಗಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಹೊಸ ಸಂಹಿತೆಯಲ್ಲೂ ರೋಗಗಳ ಪಟ್ಟಿ ಇದೆ. ಹೊಗೆಸೊಪ್ಪಿನ ಧೂಳಿಗೆ ಅದರಲ್ಲೂ ಜಾಗ ಇಲ್ಲ.

ಗೊತ್ತಿಲ್ಲದೆ ಬಿಟ್ಟರು ಅಂತ ಹೇಳುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು. ಬೀಡಿ ಕೆಲಸ ಮಕ್ಕಳಿಗೆ ಅಪಾಯ ಎಂದು ಬ್ರಿಟಿಷರ ಕಾಲದ 1938ರ ಕಾಯ್ದೆಯೇ ಹೇಳಿತ್ತು. 1986ರ ಬಾಲಕಾರ್ಮಿಕ ಕಾಯ್ದೆ ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲೂ ಬೀಡಿ ಇತ್ತು. ಹಾಗಾದರೆ ಹದಿಮೂರರ ಹುಡುಗಿಗೆ ವಿಷವಾದದ್ದು ಹದಿನೈದಕ್ಕೆ ಪಂಚಾಮೃತ ಆಗುತ್ತದಾ? ಅದೂ ಹೋಗಲಿ. ಅದೇ 1986ರ ಕಾಯ್ದೆಯಲ್ಲಿ ಒಂದು ಸಂದು ಇಟ್ಟರು: ಮನೆಯವರ ಸಹಾಯದಿಂದ ನಡೆಸುವ ಕೆಲಸಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ. ವಿಷ ಕಾರ್ಖಾನೆಯಲ್ಲಿದ್ದರೆ ವಿಷ. ಅಮ್ಮನ ಮಡಿಲಲ್ಲಿದ್ದರೆ ಸಂಸಾರ! ಆ ಸಂದಿನಲ್ಲೇ ನನ್ನ ಅಪ್ಪೆ ಶಾಲೆ ಬಿಟ್ಟು ತಡ್ಪೆ ಹಿಡಿದಳು. ಆ ಸಂದಿನಲ್ಲೇ ನಾನು ಶಾಲೆಯಿಂದ ಬಂದು, ಚಿಮಿಣಿ ಬೆಳಕಲ್ಲಿ ಬೀಡಿಯ ತುದಿ ಮಡಚಿದೆ. ನನ್ನ ಮಗ್ಗಿ ಪುಸ್ತಕಕ್ಕೆ ಹೊಗೆಸೊಪ್ಪಿನ ವಾಸನೆ ಇತ್ತು. ಪುಸ್ತಕಕ್ಕೆ ಎಲ್ಲರಿಗೂ ಅದೇ ವಾಸನೆ ಅಂತ ನಾನು ತಿಳಿದಿದ್ದೆ.

1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಮನೆಯಲ್ಲಿ ಕಟ್ಟುವವರಿಗೂ ಪಿ.ಎಫ್. ಸಲ್ಲಬೇಕು ಎಂದಿತು. ಕೆಂಪುಬಾವುಟ ಹಿಡಿದು ಇದಕ್ಕಾಗಿ ಹೊಡೆದಾಡಿದ ಹಿರಿಯರಿಗೆ ನನ್ನ ನಮಸ್ಕಾರ ಉಂಟು. 1976ರ ಕಾಯ್ದೆಯಿಂದ ಬೀಡಿಯ ಮೇಲೆ ಸೆಸ್ ಹಾಕಿ ಕಾರ್ಮಿಕರ ಕಲ್ಯಾಣನಿಧಿ ಕಟ್ಟಿದರು, ಔಷಧಾಲಯ ತೆರೆದರು. 2017ರಲ್ಲಿ ಜಿಎಸ್‌ಟಿ ಬಂತು, ಸೆಸ್ ಹೋಯಿತು. ಪಿ.ಎಫ್. ಕಡಿಯುವ ಪುಸ್ತಕದಲ್ಲಿ ಅಪ್ಪೆ ಕಾರ್ಮಿಕಳು. ಮತ ಕೇಳುವ ಭಾಷಣದಲ್ಲಿ ಅಪ್ಪೆ ಕಾರ್ಮಿಕಳು. ಆಸ್ಪತ್ರೆಯ ಕಿಟಕಿಯಲ್ಲಿ ಮಾತ್ರ ಗೃಹಿಣಿ!

ಸೇದುವವನ ಮೇಲೆ ಸರಕಾರಕ್ಕೆ ಎಷ್ಟು ಮರುಕ ನೋಡಿ. 2003ರ ತಂಬಾಕು ಕಾಯ್ದೆ ಬಂತು. ಪೊಟ್ಟಣದ ಮೇಲೆ ಕೊಳೆತ ಬಾಯಿಯ ಚಿತ್ರ ಹಾಕಿಸಿದರು. ಬೇಡ ಅಂತ ಹೇಳುವುದಿಲ್ಲ, ಸೇದುವವನೂ ಬಡವನೇ. ಆದರೆ ಬ್ರಾಂಚಿನಿಂದ ಅಪ್ಪೆ ಹೊತ್ತು ತರುವ ಹೊಗೆಸೊಪ್ಪಿನ ಕಟ್ಟಿನ ಮೇಲೆ ಯಾವ ಚಿತ್ರವೂ ಇಲ್ಲ. ಹೊಗೆಸೊಪ್ಪಿನ ವಿಷ ಸೇದಿದವನಿಗೆ ಮಾತ್ರ ಹತ್ತುವುದಲ್ಲ. ಚರ್ಮದಿಂದ ಹೋಗುತ್ತದೆ, ಧೂಳಿನ ಜೊತೆ ಉಸಿರಿಗೆ ಹೋಗುತ್ತದೆ. ಒಂದು ದಿನವೂ ಬೀಡಿ ಸೇದದೆ ಬರೀ ಕಟ್ಟಿದ ಹೆಂಗಸರ ಮೂತ್ರದಲ್ಲಿ ನಿಕೋಟಿನ್ನಿನ ಗುರುತು ಸಿಗುತ್ತದೆ ಎಂದು ನಮ್ಮ ದೇಶದ ವಿಜ್ಞಾನಿಗಳೇ ತೋರಿಸಿಕೊಟ್ಟಿದ್ದಾರೆ. ಸೇದುವವನಿಗೆ ಎಚ್ಚರಿಕೆ, ಕಟ್ಟುವವಳಿಗೆ ಎಂತದು? ಇನ್ನೂ ಐವತ್ತು ಕಟ್ಟು ಜಾಸ್ತಿ ಎಲೆ!

ಬೀಡಿ ಒಂದೇ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಈ ಮೂರು ತಾಲೂಕು ಸುತ್ತಿ ಬನ್ನಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ನಮ್ಮ ಹುಡುಗರು ಜಾರುವ ಮರ ಹತ್ತಿ ಮೈಲುತುತ್ತು, ಸುಣ್ಣ ಕಲಸಿದ ಮದ್ದು ಬಿಡುತ್ತಾರೆ. ಗಾಳಿ ತಿರುಗಿದರೆ ಮದ್ದು ಅವರ ಕಣ್ಣಿಗೇ, ಮೂಗಿಗೇ. ಅಡಿಕೆಯ ರೋಗಕ್ಕೆ ಹೆಸರುಗಳುಂಟು: ಕೊಳೆರೋಗ, ಹಳದಿ ರೋಗ, ಎಲೆಚುಕ್ಕಿ ರೋಗ. ಅದನ್ನು ಅಭ್ಯಾಸ ಮಾಡಲು ಇದೇ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರ ಸರಕಾರದ ಸಂಶೋಧನಾ ಕೇಂದ್ರ ಉಂಟು. ಇರಲಿ, ತೋಟ ಉಳಿಯಲಿ. ಆದರೆ ಮರಕ್ಕೆ ಬಂದ ರೋಗ ವಿಧಾನಸಭೆಯವರೆಗೆ ಹೋಗುತ್ತದೆ. ಮರ ಹತ್ತಿದವನಿಗೆ ಬಂದ ರೋಗ ಅವನ ಅಂಗಳ ದಾಟುವುದಿಲ್ಲ. ಇದು ಯಾವ ನ್ಯಾಯ? ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕಂದಿರ ಕೈ ನೋಡಿ. ಸಿಪ್ಪೆಯ ಎಣ್ಣೆ ಬೆರಳು ಸುಡುತ್ತದೆ. ಬಿಳಿ ಬೀಜ ಡಬ್ಬಿಗೆ, ಕರಿ ಕೈ ನಮಗೆ. ಮೂಡಬಿದಿರೆಗೆ ಬನ್ನಿ. 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿ. ಕಟ್ಟಿಸಿದವರ ಹೆಸರು ಶಾಸನದಲ್ಲಿ ಸಿಗುತ್ತದೆ. ಕಂಬ ಎಣಿಸಿದ್ದೀರಿ, ಸಂತೋಷ. ಕಂಬ ಕಡಿದವರ ಎದೆಯೊಳಗೆ ಎಷ್ಟು ಕಲ್ಲುಧೂಳು ಇತ್ತು ಅಂತ ಯಾವ ಶಾಸನ ಬರೆದಿದೆ? ಆರುನೂರು ವರ್ಷ ಆಗುತ್ತ ಬಂತು. ಕಲ್ಲುಕೋರೆಯ, ಜಲ್ಲಿ ಕ್ರಷರಿನ ಕೂಲಿಯ ಎದೆಯನ್ನು ಈಗಲೂ ಯಾರೂ ಎಣಿಸುತ್ತಿಲ್ಲ.

ಯಾಕೆ ಎಣಿಸುತ್ತಿಲ್ಲ? ಇದು ಗುಮಾಸ್ತರ ಮರೆವು ಅಲ್ಲ ಗೆಳೆಯರೆ. ಈ ನೆಲದ ಹಳೆಯ ಬುದ್ಧಿ.

ಅಜಲು ಅಂತ ಒಂದು ಪದ್ಧತಿ ಇತ್ತು, ಈ ಊರಿನವರಿಗೆ ಗೊತ್ತು. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ಉಣ್ಣಿಸುವುದು. ಮನೆಯ ದೋಷ, ಮನೆಯ ರೋಗ ಅವರ ಮೈಗೆ ದಾಟುತ್ತದೆ ಎಂಬ ನಂಬಿಕೆ. ದೇವರಿದ್ದ ಮನೆಯಲ್ಲಿ, ದೀಪ ಹಚ್ಚಿದ ಕೈಯಲ್ಲೇ ಬೆರೆಸಿದ ಅನ್ನ! ಅದನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯಲ್ಲಿ ಕಾಯ್ದೆ ಮಾಡಬೇಕಾಯಿತು. ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷದ ಮೇಲೆ! ನಾನು ಕೇಳುತ್ತೇನೆ, ಅಜಲು ನಿಂತಿತಾ? ಕೂದಲಿನ ಬದಲು ಹೊಗೆಸೊಪ್ಪು ಬಂತು. ಉಗುರಿನ ಬದಲು ಮೈಲುತುತ್ತು ಬಂತು. ಎಲೆಯ ಬದಲು ತಡ್ಪೆ ಬಂತು. ಸುಖ ಅತ್ತ, ರೋಗ ಇತ್ತ. ಲಾಭ ಅವರ ಖಾತೆಗೆ, ಕೆಮ್ಮು ನಮ್ಮ ಖಾತೆಗೆ. ಜಾತಿ ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಒಡೆದಿಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದರು. ನಾನು ಒಂದು ಸೇರಿಸುತ್ತೇನೆ: ಅದು ರೋಗವನ್ನೂ ಹಂಚಿಡುತ್ತದೆ. 1974ರ ಭೂಸುಧಾರಣೆ ಗೇಣಿದಾರನಿಗೆ ಗದ್ದೆ ಕೊಟ್ಟಿತು. ಗೇಣಿಚೀಟೂ ಇಲ್ಲದ ಕೂಲಿಯವಳ ಮಡಿಲಿಗೆ ಬಂದದ್ದು ಬೀಡಿಯ ತಡ್ಪೆ. ಮನ್ಸರು, ಮೊಗೇರರು, ಬಿಲ್ಲವರು, ಕುಲಾಲರು, ಬ್ಯಾರಿಗಳು, ಎಲ್ಲ ಮನೆಯ ಹೆಂಗಸರ ಮಡಿಲಲ್ಲೂ ತಡ್ಪೆ ಕಂಡಿದ್ದೇನೆ. ಗುತ್ತಿನ ಮನೆಯ ಚಾವಡಿಯಲ್ಲಿ ಇನ್ನೂ ಕಂಡಿಲ್ಲ.

ಎಣಿಸಿದರೆ ಎಂತ ಆಗುತ್ತದೆ ಅಂತ ಕೇಳುತ್ತೀರಾ? ಎರಡು ಸಂಗತಿ ಹೇಳುತ್ತೇನೆ.

ಕೋಲಾರದ ಚಿನ್ನದ ಗಣಿಯಲ್ಲಿ ದಶಕಗಟ್ಟಲೆ ಜನ ಉಸಿರು ಕಟ್ಟಿ ಸತ್ತರು. ಹೆಚ್ಚಿನವರು ದಲಿತರು. ಕ್ಷಯ ಅಂದರು, ಹಣೆಬರಹ ಅಂದರು. 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರ ಎದೆಯನ್ನು ಎಕ್ಸರೇ ಹಿಡಿದು ನೋಡಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಹಣೆಬರಹಕ್ಕೆ ಆವತ್ತು ಹೆಸರು ಸಿಕ್ಕಿತು: ಕಲ್ಲುಧೂಳು. ಹೆಸರು ಸಿಕ್ಕಿದ ಮೇಲೆ ಪರಿಹಾರ ಕೇಳಲು ಬಾಯಿ ಬಂತು.

ಎರಡನೆಯದು ನಮ್ಮ ಬಾಗಿಲಲ್ಲೇ ನಡೆದದ್ದು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮ ತನ್ನ ಗೇರುತೋಪಿನ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ತೋಪಿನಲ್ಲಿ ದುಡಿದವರ ಮೇಲೂ ಬಿತ್ತು, ತೋಪಿನ ಕೆಳಗಿನ ಬಾವಿಗೂ ಬಿತ್ತು. ಏಳಲಾಗದ, ಮಾತಾಡಲಾಗದ ಮಕ್ಕಳು ಹುಟ್ಟಿದರು. ಮೊದಲು ದೈವದ ಮುನಿಸು ಅಂದರು, ನಾಗದೋಷ ಅಂದರು. ದೋಷಕ್ಕೆ ಪರಿಹಾರ ಅಂತ ಇದ್ದ ಕೋಳಿ, ಇದ್ದ ಕಾಸು ಹೋಯಿತು. ಊರಿನವರೇ ಎದ್ದು ಮನೆಮನೆ ಹೆಸರು ಬರೆದಾಗ, ಬೀದಿಗಿಳಿದಾಗ ಸರಕಾರದ ಕಿವಿ ತೆರೆಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು. ಸಂತ್ರಸ್ತರಿಗೆ ಮಾಸಾಶನ ಬಂತು. ಸಾಕಾಗುವಷ್ಟು ಬಂತು ಅಂತ ನಾನು ಹೇಳುವುದಿಲ್ಲ, ಆ ತಾಯಂದಿರನ್ನು ಕೇಳಿ. ಆದರೆ ನಾಗನ ಮೇಲೆ ಇದ್ದ ಆರೋಪ ಹೋಗಿ ನಿಗಮದ ಮೇಲೆ ಬಂತು. ಲೆಕ್ಕದ ಶಕ್ತಿ ಅದು. ಎಣಿಸದ ರೋಗ ದೋಷ; ಎಣಿಸಿದ ರೋಗ ಅಪರಾಧ. ಅದಕ್ಕೇ ಅವರು ಎಣಿಸುವುದಿಲ್ಲ.

ಒಬ್ಬರು ಹಿರಿಯರು ನನಗೆ ಹೇಳಿದರು: "ಮಗಾ, ಇದನ್ನು ಹೆಚ್ಚು ಕೆದಕಬೇಡ. ಬೀಡಿ ನಿಂತರೆ ಹೊಟ್ಟೆಗೆ ಎಂತ ಮಾಡುದು?" ಅವರ ಭಯ ಸುಳ್ಳಲ್ಲ. ಬೀಡಿ ಕೆಲಸ ಈಗಾಗಲೇ ಕಮ್ಮಿಯಾಗುತ್ತಿದೆ, ಅಪ್ಪೆಗೆ ವಾರಕ್ಕೆ ನಾಲ್ಕು ದಿನ ಎಲೆ ಸಿಕ್ಕಿದರೆ ಪುಣ್ಯ. ನಾನು ಬೀಡಿ ನಿಲ್ಲಿಸಿ ಅಂತ ಹೇಳುತ್ತಿಲ್ಲ. ಕಟ್ಟಿದವಳ ಎದೆಯ ಜವಾಬ್ದಾರಿ ಹೊತ್ತುಕೊಳ್ಳಿ ಅಂತ ಹೇಳುತ್ತಿದ್ದೇನೆ. ಬೀಡಿ ನಾಳೆ ಪೂರಾ ನಿಂತರೂ ಮೂವತ್ತೈದು ವರ್ಷ ಒಳಗೆ ಹೋದ ಧೂಳು ಹೊರಗೆ ಬರುವುದಿಲ್ಲ. ಕಂಪೆನಿ ಬಾಗಿಲು ಹಾಕಿಕೊಂಡು ಹೋಗಬಹುದು. ಅಪ್ಪೆಯ ಎದೆಗೆ ಬಾಗಿಲು ಹಾಕಲು ಆಗುದಿಲ್ಲ. ಕೆಲಸ ಮುಗಿಯುವ ಮೊದಲೇ ಲೆಕ್ಕ ಆಗಬೇಕು, ಮುಗಿದ ಮೇಲೆ ಕೇಳಿದರೆ "ನೀವು ಯಾರು?" ಅನ್ನುತ್ತಾರೆ. ದುಡಿಯುವವರ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಭಿಕ್ಷೆ ಕೇಳುತ್ತಿಲ್ಲ ನಾವು.

ಈಗ ನಮ್ಮವರಿಗೆ ಎರಡು ಮಾತು. ಬಂಡಾಯದ ಕವಿಗಳೆ, ನಾನೂ ನಿಮ್ಮಲ್ಲಿ ಒಬ್ಬಳು. ನಾವು ಬೀಡಿಯ ಕೆಂಡದ ಮೇಲೆ ಕವನ ಬರೆದೆವು, ಆ ಕಿಡಿಯಿಂದ ಕ್ರಾಂತಿ ಹೊತ್ತಿಸಿದೆವು, ಚಪ್ಪಾಳೆ ಗಿಟ್ಟಿಸಿದೆವು. ಅದನ್ನು ಕಟ್ಟಿದವಳ ಉಸಿರು ಕೇಳಲಿಲ್ಲ. ಸಂಘದ ಅಣ್ಣಂದಿರೆ, ಸಾವಿರ ಬೀಡಿಗೆ ಎಷ್ಟು ಕೂಲಿ ಅಂತ ಹೋರಾಡಿದಿರಿ, ಸರಿ. ಸಾವಿರ ಬೀಡಿಗೆ ಎಷ್ಟು ಕೆಮ್ಮು ಅಂತ ಒಂದು ಸಲವಾದರೂ ಕೇಳಿದಿರಾ?

ಹಳ್ಳಿಯ ಮೇಷ್ಟ್ರೆ, ಟೀಚರೆ, ನಿಮ್ಮಿಂದಲೇ ಶುರುವಾಗಬೇಕು. ಸರಕಾರ ನಿಮ್ಮ ಕೈಯಲ್ಲಿ ದನ ಎಣಿಸುತ್ತದೆ, ಮತ ಎಣಿಸುತ್ತದೆ. ಒಂದು ಸಲ ನಮಗಾಗಿ ಎಣಿಸಿ. ವಿದ್ಯಾರ್ಥಿಗಳೆ, ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಗೀಟು ಎಳೆದು ಕಾಲಂ ಮಾಡಿ. ಮನೆ. ಪ್ರಾಯ. ಯಾವ ಕೆಲಸ. ಎಷ್ಟು ವರ್ಷ. ಕೆಮ್ಮು ಉಂಟಾ? ದಮ್ಮು ಉಂಟಾ? ಕೈ ಮರಗಟ್ಟುತ್ತದಾ? ಕಣ್ಣು? ಬೆನ್ನು? ಎಷ್ಟು ಮಕ್ಕಳು ಹೊಟ್ಟೆಯಲ್ಲೇ ಹೋದವು? ಕೊನೆಯ ಪ್ರಶ್ನೆಯನ್ನು ಹುಡುಗರು ಕೇಳಬೇಡಿ, ಅಕ್ಕಂದಿರನ್ನು ಕರೆದುಕೊಂಡು ಹೋಗಿ. ಹೇಳಿದವರು ಒಪ್ಪದೆ ಯಾರ ಹೆಸರೂ ಹೊರಗೆ ಬರಬಾರದು. ಒಂದು ಕಾಲನಿಯಿಂದ ಶುರು ಮಾಡಿ. ಕಾಲನಿ ಗ್ರಾಮವಾಗಲಿ, ಗ್ರಾಮ ತಾಲೂಕಾಗಲಿ. ಆ ಪುಸ್ತಕವನ್ನು ಗ್ರಾಮಸಭೆಯ ಮೇಜಿನ ಮೇಲೆ ಇಡಿ. ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡಿ.

ನಮ್ಮ ಬೇಡಿಕೆ ಉದ್ದ ಇಲ್ಲ. ಆಸ್ಪತ್ರೆಯ ಪ್ರತಿ ಚೀಟಿಯಲ್ಲಿ ನಿಜವಾದ ಕೆಲಸ ಬರೆಯಬೇಕು, ಎಷ್ಟು ವರ್ಷ ಎಂದೂ ಬರೆಯಬೇಕು. ಹೊಗೆಸೊಪ್ಪಿನ ಧೂಳಿನ ರೋಗವನ್ನು ಕಾನೂನಿನ ಪಟ್ಟಿಗೆ ಸೇರಿಸಬೇಕು. ಮನೆಯಲ್ಲಿ ಕಟ್ಟುವವಳ ರೋಗವನ್ನು ತಿಳಿಸುವ ಹೊಣೆ ಎಲೆ ಕೊಟ್ಟವನ ಮೇಲೆ ಇರಬೇಕು. ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಅವನ ಖರ್ಚಿನಲ್ಲಿ, ಕೂಲಿ ಕಡಿಯದೆ ಆಗಬೇಕು. ಇಷ್ಟು ಕೊಡದ ಸರಕಾರ ನಮ್ಮ ಬಗ್ಗೆ ಮರುಕದ ಮಾತಾಡಬಾರದು.

ಬರುವ ವಾರ ಅಪ್ಪೆಯನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದುಂಟು. ನಿನ್ನೆ ರಾತ್ರಿ ಎಲೆ ಕತ್ತರಿಸುತ್ತ ಕೂತಿದ್ದವಳಿಗೆ ಹೇಳಿಕೊಟ್ಟೆ. ಅವಳು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಶಾಲೆಯ ಮಗುವಿನ ಹಾಗೆ ಒಪ್ಪಿಸಿದಳು.

"ಕೆಲಸ ಎಂತದು?"

"ಬೀಡಿ ಕಟ್ಟುದು. ಮೂವತ್ತೈದು ವರ್ಷ ಆಯಿತು. ಬರೆಯಿರಿ."